ಮದುವೆಗೆ ಹೋಗಿ ಬಂದ ಕತ್ತಿ

ಬೆಳಿಗ್ಗೆ ಹೆಂಡತಿ ವಿಭೂತಿ ಹಾಕಿ ಬೆಳ್ಳಿ ಲೋಟ ಉಜ್ಜುತ್ತಿದ್ದಳು. ಆ ವಾಸನೆಗೆ ನನಗೆ ಒಂದು ಪೀಚೆಕತ್ತಿ ನೆನಪಾಯಿತು. ಕೊಡವ ಮದುಮಗ ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ ವಸ್ತ್ರಕ್ಕೆ ಸಿಕ್ಕಿಸಿಕೊಳ್ಳುವ, ಬೆಳ್ಳಿ ಒರೆಯ ಸಣ್ಣ ಕತ್ತಿ ಅದು. ವಿಭೂತಿಗೆ ವಾಸನೆ ಇದೆಯೇ ಎಂದು ನೀವು ಕೇಳಬಹುದು. ನನಗೂ ಅನುಮಾನವೇ. ನನ್ನ ನೆನಪಿನ ಬಗ್ಗೆ ನನಗಿರುವ ಅನುಮಾನಗಳಲ್ಲಿ ಇದು ತೀರ ಚಿಕ್ಕದು.

ಕೊಡಗು ಬೇರೆ ರಾಜ್ಯವಾಗಿದ್ದ ಕಾಲ. ನಾನು ಮಡಿಕೇರಿಯಲ್ಲಿ ಓದುತ್ತಿದ್ದೆ. ನಮ್ಮ ಚರಿತ್ರೆಯ ಮೇಷ್ಟ್ರು ಊರೂರು ತಿರುಗಿ, ಮನೆಮನೆಯಲ್ಲಿ ಕೇಳಿ ತಂದ ವಸ್ತುಗಳನ್ನು ಕಾಲೇಜಿನ ಒಂದು ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಜೋಡಿಸಿ, ಅದಕ್ಕೆ ಕಲಾ ಮ್ಯೂಸಿಯಂ ಎಂದು ಹೆಸರಿಟ್ಟಿದ್ದರು. ಬೀಗದ ಕೈ, ರಿಜಿಸ್ಟರ್ ಎರಡೂ ನನ್ನ ವಶ. ಬೀಗದ ಕೈ ಸಿಕ್ಕಿದ ದಿನದಿಂದ ನನ್ನ ನಡಿಗೆಯೇ ಬದಲಾಗಿತ್ತು.

ಒಂದು ದಿನ ಬಿಟ್ಟಂಗಾಲದಿಂದ ಚೋಂದಮ್ಮ ಬಂದರು. ಆ ಕತ್ತಿ ಅವರ ಮನೆಯದು. ಗಂಡ ಬದುಕಿದ್ದಾಗ ಮೇಷ್ಟ್ರಿಗೆ ಕೊಟ್ಟದ್ದು. ಈಗ ಮಗನ ಮದುವೆ, ಅಪ್ಪ ಕಟ್ಟಿದ ಕತ್ತಿಯನ್ನೇ ಮಗನೂ ಕಟ್ಟಬೇಕು ಎಂದರು. ಪಕ್ಕದ ಮನೆಯಿಂದ ಎರವಲು ತರಬಹುದಲ್ಲ ಎಂದು ನಾನು ಬುದ್ಧಿ ಹೇಳಿದೆ.

"ಹಾಗಾದ್ರೆ ಅಪ್ಪನನ್ನೂ ಪಕ್ಕದ ಮನೆಯಿಂದಲೇ ತರ್ತೇನೆ ಮಗಾ," ಎಂದು ಅವರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. "ಕತ್ತಿಗೆ ಸೊಂಟ ಬೇಕು. ನೀವು ಗಾಜು ಕೊಟ್ಟಿದ್ದೀರಿ."

ಮೂರು ದಿನ ಬಂದು ಅಲ್ಲೇ ಕೂತರು.

ಮುಂದಿನದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೂರನೆಯ ದಿನ ನನ್ನ ಮನಸ್ಸು ಕರಗಿತು, ನಾನೇ ಪೆಟ್ಟಿಗೆ ತೆರೆದು ಕತ್ತಿ ಕೊಟ್ಟೆ. ಅದು ಗಂಧ ಮೆತ್ತಿಕೊಂಡು ವಾಪಸು ಬಂತು, ಅಟೆಂಡರ್ ವಿಭೂತಿಯಲ್ಲಿ ಉಜ್ಜಿದ. ಆಮೇಲೆ ಮೂರ್ನಾಡು, ಶ್ರೀಮಂಗಲದವರೂ ತಮ್ಮ ಮನೆಯ ವಸ್ತು ತಂದುಕೊಟ್ಟರು. ಮದುವೆಗೆ ಒಯ್ದರು, ಮತ್ತೆ ತಂದಿಟ್ಟರು.

ಆ ಮ್ಯೂಸಿಯಂ ಈಗ ವಿಶ್ವವಿದ್ಯಾಲಯದ್ದು. ಅದರ ನಿಯಮಗಳನ್ನು ತಿದ್ದಿಕೊಡುವ ಕೆಲಸ ನನಗೆ ಬಂದದ್ದರಿಂದ ಕಳೆದ ವಾರ ಹಳೆಯ ರಿಜಿಸ್ಟರ್ ತೆಗೆಸಿದೆ. ಚೋಂದಮ್ಮನ ಹೆಸರಿನ ಮುಂದೆ ನನ್ನದೇ ಅಕ್ಷರ: "ಕೊಡಲು ಬರುವುದಿಲ್ಲ." ಮೂರು ದಿನವೂ ಅದೇ. ಮೂರನೆಯದಕ್ಕೆ ಮೇಷ್ಟ್ರು ಅಡ್ಡ ಗೀಟೆಳೆದು, "ಕೊಟ್ಟಿದ್ದೇನೆ, ಹೊಣೆ ನನ್ನದು" ಎಂದು ಸಹಿ ಹಾಕಿದ್ದರು.

ಕಚೇರಿಯವರ ಕರಡಿನಲ್ಲಿ, ಯಾವ ವಸ್ತುವೂ ಹೊರಗೆ ಹೋಗತಕ್ಕದ್ದಲ್ಲ ಎಂದಿದೆ. ಈ ಬೆಳಿಗ್ಗೆ ಹೆಂಡತಿ ಲೋಟ ಉಜ್ಜುವುದನ್ನು ನೋಡುತ್ತಲೇ ಆ ಸಾಲನ್ನು ಹೊಡೆದುಹಾಕಿ, ಕೊಟ್ಟ ಮನೆಯವರು ಕೇಳಿದರೆ ಕೊಡತಕ್ಕದ್ದು ಎಂದು ಬರೆದೆ. ಕೆಳಗೆ ನನ್ನ ಸಹಿ. ಮ್ಯೂಸಿಯಂ ಸಮಿತಿ ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಮ್ಯೂಸಿಯಂ ಬಾಗಿಲ ಬಳಿ ಈಗಲೂ ಒಂದು ಬೆಂಚಿದೆ. ಅದೇ ಬೆಂಚೋ ಬೇರೆಯದೋ ಆಣೆ ಮಾಡಿ ಹೇಳಲಾರೆ. ಒಪ್ಪುವವರೆಗೆ ದಿನಾ ಹೋಗಿ ಅದರ ಮೇಲೆ ಕೂರುತ್ತೇನೆ.