ಎಡಗಾಲಿನ ಮೆಹಂದಿ

ನಮ್ಮ ಅಮ್ಮಿ ಶಹಜಾದಿ ಬೇಗಂ ಮಾನ್ವಿಯ ಬಳೆಗಾರ್ತಿ. ಮೂವತ್ತು ವರ್ಷ ಬುಟ್ಟಿ ಹೊತ್ತು ದೇವದುರ್ಗದ ಸಂತೆಗೆ ಹೋದವಳು. ಎಂಥ ಒರಟು ಕೈಯನ್ನೂ ಹಿಂಡಿ, ಹರಟೆ ಹೊಡೆಯುತ್ತಾ, ಒಂದೂ ಒಡೆಯದಂತೆ ಬಳೆ ಏರಿಸುತ್ತಿದ್ದಳು. ಬಲ ಮೊಣಕಾಲು ಸವೆದು ಬಸ್ಸಿನ ಮೆಟ್ಟಿಲು ಹತ್ತಲಾಗದೆ ಹೋದಾಗ, ಸಂತೆ ತಪ್ಪಬಾರದೆಂದೇ ರಾಯಚೂರಿನ ಆಸ್ಪತ್ರೆಯಲ್ಲಿ ಮಂಡಿ ಬದಲಾಯಿಸಿಕೊಳ್ಳಲು ಒಪ್ಪಿದಳು.

ಆಪರೇಷನ್ನಿಗೆ ಎರಡು ದಿನ ಮುಂಚೆ ನಾನೇ ಅವಳ ಎರಡೂ ಪಾದದ ಮೇಲೆ ಕೆಳಗೆ, ಉಗುರಿಗೆ ಮೆಹಂದಿ ಮೆತ್ತಿದೆ. ಬೇಸಿಗೆಯಲ್ಲಿ ಮೈಯ ಕಾವು ಇಳಿಯಲೆಂದು ನಮ್ಮ ಮನೆಯ ಹೆಂಗಸರೆಲ್ಲ ಹಾಗೆ ಮಾಡುತ್ತೇವೆ.

ಆಪರೇಷನ್ ಚೆನ್ನಾಗಿ ಆಯಿತು ಎಂದರು. ಸಂಜೆ ಅಮ್ಮಿ ನನ್ನ ದುಪಟ್ಟಾ ಜಗ್ಗಿದಳು.

“ಫರ್ಹೀನ್, ಬಲಪಾದ ತಣ್ಣಗಾಗ್ಯಾದ ನೋಡು. ಜೋಮು ಹಿಡದಂಗ ಆಗ್ಯಾದ.”

“ಮೆಹಂದಿ ಹಚ್ಚೀವಲ್ಲ, ತಂಪೇ ಇರ್ತದ,” ಎಂದೆ.

ಜೋಮು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನದು ಎಂದುಕೊಂಡೆ. ನರ್ಸ್ ಬಂದು ಬೆರಳು ನೋಡಿದಳು. ಉಗುರುಗಳು ಮೆಹಂದಿಗೆ ಕೆಂಪಗಿದ್ದವು, ರಕ್ತ ಓಡುತ್ತಿದೆ ಎಂದುಕೊಂಡು ಪಾದ ಮುಟ್ಟದೆ ಹೋದಳು. ನಾನು ಕರೆದು ಹೇಳಬಹುದಿತ್ತು, ಹೇಳಲಿಲ್ಲ. ದೊಡ್ಡ ಜಾಣೆ ನಾನು.

ಬೆಳಿಗ್ಗೆ ಡಾಕ್ಟರ್ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ಮಂಡಿಯ ಹಿಂದಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಯಾವಾಗಿನಿಂದ ತಣ್ಣಗಿದೆ ಎಂದು ಕೇಳಿದಾಗ, ಈಗಷ್ಟೇ ನೋಡಿದೆ ಎಂದುಬಿಟ್ಟೆ. ಅಮ್ಮಿ ನನ್ನ ಮುಖ ನೋಡಿ ಸಂಜೆಯ ಮಾತನ್ನು ನುಂಗಿಕೊಂಡಳು.

ಹೆಪ್ಪು ತೆಗೆದರೂ ಪಾದ ಬದುಕಲಿಲ್ಲ. ನಾಲ್ಕನೇ ದಿನ ಮಂಡಿಯ ಮೇಲಕ್ಕೆ ಕಾಲು ಕತ್ತರಿಸಿದರು. ಹೊಸ ಮಂಡಿಯೂ ಅದರ ಜೊತೆಗೇ ಹೋಯಿತು. ನನಗೆ ಅಳು ಬರಲಿಲ್ಲ. ಕ್ಯಾಂಟೀನಿಗೆ ಹೋಗಿ ಉಪ್ಪಿಟ್ಟು ತಿಂದೆ, ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ. ಅಂದಿನಿಂದ ಹಾಗೇ ಇದ್ದೇನೆ. ಬುಟ್ಟಿ ಹೊತ್ತು ಸಂತೆಗೆ ಈಗ ನಾನು ಹೋಗುತ್ತೇನೆ, ಮಾರುತ್ತೇನೆ, ಬರುತ್ತೇನೆ.

ಮತ್ತೆ ಬೇಸಿಗೆ ಬಂತು. ಅಮ್ಮಿ ಮೆಹಂದಿ ಕಲಸು ಎಂದಳು. ಕೇಳಿಸದವಳಂತೆ ಪಾತ್ರೆ ತಿಕ್ಕುತ್ತಿದ್ದೆ. ಕೊನೆಗೆ ತಾನೇ ಕಲಸಿಕೊಂಡು ಎಡಗಾಲನ್ನು ನನ್ನ ಮುಂದೆ ಚಾಚಿದಳು.

“ಹಚ್ಚು. ಈ ಸಲ ತಣ್ಣಗಾದ್ರ ಎಲ್ಲಾರಿಗೂ ಕೇಳೂಹಂಗ ಹೇಳ್ತೀನಿ.”

ಹಚ್ಚಿದೆ. ಡಾಕ್ಟರ್ ಅಂದು ನಾಡಿ ಹುಡುಕಿದ ಜಾಗವನ್ನು ಮಾತ್ರ ಬಿಟ್ಟೆ. ಮೆಹಂದಿ ಒಣಗುವವರೆಗೂ ಅಲ್ಲಿ ಬೆರಳಿಟ್ಟು ಕೂತೆ.