ಕುರಿ ಬಿಟ್ಟ ಹೊಲ

ಬಸವಕಲ್ಯಾಣದಿಂದ ಬೆಳೆ ಸಮೀಕ್ಷೆಯ ಅಧಿಕಾರಿಯೊಬ್ಬರ ಜೀಪಿನಲ್ಲಿ ಹೊರಟಿದ್ದೆ. ಬರ ಬರುವ ಮೊದಲೇ ಸರಕಾರಕ್ಕೆ ಸುಳಿವು ಕೊಡುವುದು ಅವರ ಕೆಲಸ. ಹುಮನಾಬಾದ್ ದಾಟಿ ಹುಡಗಿ ಎಂಬ ಊರಿನ ಹತ್ತಿರ ಜೀಪು ನಿಂತಿತು. ಹಚ್ಚಗಿದ್ದ ಸೋಯಾ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಬಿಟ್ಟವಳು ಹೊಲದೊಡತಿಯೇ.

“ಬೆಳೆಗೇ ಕುರಿ ಬಿಟ್ಟಿದ್ದೀರಲ್ಲಮ್ಮ?” ಎಂದೆ.

“ಹೂವಾಡೋ ಹೊತ್ತಿಗೆ ಮಳಿ ಕೈ ಕೊಟ್ಟಿತ್ರಿ. ಬರೇ ಎಲಿ ಅದ, ಒಂದೂ ಕಾಯಿ ಇಲ್ಲ. ಒಣಗೋದಕ್ಕಿಂತ ಮೊದಲ ಕುರಿ ಆದ್ರೂ ತಿನ್ಲಿ.”

ಅಧಿಕಾರಿ ಕುರಿ ಮುಟ್ಟದ ಮೂಲೆ ಹುಡುಕಿ ಫೋನಿನಲ್ಲಿ ಫೋಟೊ ತೆಗೆದರು. ಸಮೀಕ್ಷೆಯ ಆ್ಯಪಿನಲ್ಲಿ ಬೆಳೆಯ ಸ್ಥಿತಿ ‘ಉತ್ತಮ’ ಎಂದು ಒತ್ತಿದರು.

“ಇದು ಉತ್ತಮವೇನ್ರೀ?” ರೇಗಿದೆ.

“ನಾನೂ ಕೊಹಿನೂರ ಹಳ್ಳಿ ರೈತನ ಮಗನೇ ಅದೀನ್ರಿ, ನನಗ ತಿಳಿಯಂಗಿಲ್ಲೇನು? ಮ್ಯಾಲಿನವರು ಎಲಿ ಬಣ್ಣ ಕೇಳ್ತಾರ, ಕಾಯಿ ಕೇಳಂಗಿಲ್ಲ.”

ತಿಳಿಯದವನಾಗಿದ್ದರೆ ಕ್ಷಮಿಸಬಹುದಿತ್ತು. ಎಲ್ಲ ತಿಳಿದೂ ಒತ್ತಿದ ಆ ಬೆರಳನ್ನು ನೋಡಿ ನನ್ನ ಮೈ ಉರಿಯಿತು.

“ಏನ್ ಬರದ್ರಿ ಸಾಹೇಬ್ರ?” ಅವಳು ಕೇಳಿದಳು. ಅಧಿಕಾರಿ ಫೋನನ್ನು ಜೇಬಿಗಿಳಿಸಿದರು. “ನಿಮ್ಮ ಬೆಳೆ ಉತ್ತಮವಾಗಿದೆಯಂತೆ” ಎಂದು ನಾನೇ ಹೇಳಿದೆ.

ಅವಳು ಕುರಿಗಳನ್ನು ಆ ಮೂಲೆಗೂ ಅಟ್ಟಿದಳು.

“ಹಂಗಾದ್ರ ಸುಗ್ಗಿಗೆ ರಾಶಿ ಮಾಡಾಕ ನೀವೇ ಬರ್ರಿ.”