ತಾನಾಳ ಮೂರು ಹೆಂಚು

ಫಲೇರಿಯಲ್ಲಿ ಸತ್ತವರ ಹೆಸರು ಬರೆಯುವವನು ವೋಲ್ತಾ. ಬಂಡೆಯಲ್ಲಿ ಕೊರೆದ ಗೂಡಿನಲ್ಲಿ ಹೆಣ ಮಲಗಿಸಿ, ಗೂಡಿನ ಬಾಯಿಗೆ ಮೂರು ಹೆಂಚು ಅಕ್ಕಪಕ್ಕ ಜೋಡಿಸಿ ಗಾರೆ ಮೆತ್ತುವುದು ಅಲ್ಲಿನ ಫಲಿಸ್ಕ ಜನರ ಪದ್ಧತಿ. ಆ ಮೂರೂ ಹೆಂಚುಗಳ ಉದ್ದಕ್ಕೆ ಕೆಮ್ಮಣ್ಣಿನಲ್ಲಿ, ಬಲದಿಂದ ಎಡಕ್ಕೆ, ಅವನು ಹೆಸರು ಬರೆಯುತ್ತಿದ್ದ. ಮುಚ್ಚಿದ ಗೂಡನ್ನು ಮತ್ತೆ ಯಾರೂ ಬಿಚ್ಚುವಂತಿರಲಿಲ್ಲ.

ರೋಮಿನವರು ಆರೇ ದಿನದಲ್ಲಿ ಊರನ್ನು ಮಣ್ಣುಪಾಲು ಮಾಡಿ, ಉಳಿದವರನ್ನು ಬಯಲಿಗೆ ಅಟ್ಟಿದರು. ಸತ್ತವರನ್ನು ಅಟ್ಟಲಾಗಲಿಲ್ಲ, ಅವರು ಹಳೆಯೂರಿನ ಬಂಡೆಯಲ್ಲೇ ಉಳಿದರು. ಬಯಲಿನಲ್ಲಿ ಒಲೆ ಉರಿಯಬೇಕಾದರೆ ರೋಮಿನ ಮಾತು ಬೇಕು, ರೋಮಿನ ಅಕ್ಷರ ಬೇಕು. ಮಗ ಯೂನಾ ಚಿಕ್ಕಂದಿನಲ್ಲಿ ಕುಂಚಕ್ಕೆ ಕೈಹಾಕಿದಾಗ ವೋಲ್ತಾನೇ ಹೊಡೆದು ಬಿಡಿಸಿದ್ದ.

"ಇದು ಹೆಣದ ಅಕ್ಷರ ಕಣೋ, ಹೊಟ್ಟೆ ತುಂಬಲ್ಲ."

ಹುಡುಗನನ್ನು ರೋಮಿನ ಗಾರೆಯವನ ಬಳಿ ಬಿಟ್ಟ. ಅದನ್ನೇ ಬುದ್ಧಿವಂತಿಕೆ ಅಂದುಕೊಂಡ, ಮಂಕುದಿಣ್ಣೆ.

ಹೆಂಡತಿ ತಾನಾ ಮಾತ್ರ ರೋಮಿನ ಒಂದು ಮಾತೂ ಕಲಿಯಲಿಲ್ಲ. ಸಾಯುವಾಗ ಕೇಳಿದ್ದೂ ಒಂದೇ.

"ಹಳೆಯೂರಲ್ಲಿ ಅಮ್ಮನ ಪಕ್ಕ ಇಡಿ. ಹೆಸರು ನಮ್ಮ ಅಕ್ಷರದಲ್ಲೇ ಇರ್ಲಿ ಕಣ್ರೀ, ಅಮ್ಮ ಓದಿ ಗುರ್ತು ಹಿಡೀಲಿ."

ವೋಲ್ತಾ ಅಳುತ್ತಲೇ ಬರೆದ. ಹೆಂಚುಗಳನ್ನು ಎಂದಿನಂತೆ ಒಂದರ ಮೇಲೊಂದು, ಮೊದಲನೆಯದು ಮೇಲೆ ಬರುವಂತೆ ಪೇರಿಸಿ ಕೊಟ್ಟ. ಯಾವುದು ಎಲ್ಲಿಗೆ ಎಂಬ ಗುರುತು ಹಾಕಲಿಲ್ಲ, ನಲವತ್ತು ವರ್ಷದಲ್ಲಿ ಗೂಡು ಮುಚ್ಚುವ ಯಾರಿಗೂ ಅದು ಬೇಕಾಗಿರಲಿಲ್ಲ.

ಮಂಡಿನೋವಿನ ಕಾಲೆಳೆದುಕೊಂಡು ಅವನು ಬಂಡೆಯ ದಾರಿ ಇಳಿದು ಬರುವಷ್ಟರಲ್ಲಿ ಗೂಡು ಮುಚ್ಚಿಯಾಗಿತ್ತು. ಯೂನಾ ಗಾರೆಗೈ ಒರೆಸಿಕೊಳ್ಳುತ್ತಿದ್ದ.

"ನಾನೇ ಜೋಡಿಸ್ದೆ ಅಪ್ಪಾ, ಕೂಲಿಯೋರ ಕೈಗೆ ಕೊಡ್ಲಿಲ್ಲ. ಒಂದು ಕೂದಲೂ ತೂರಲ್ಲ ನೋಡು."

ವೋಲ್ತಾ ನೋಡಿದ. ಮೊದಲ ಹೆಂಚು ಎಡತುದಿಯಲ್ಲಿತ್ತು, ಕೊನೆಯದು ಬಲತುದಿಯಲ್ಲಿ. ಮಗ ರೋಮಿನವರ ಹಾಗೆ ಎಡದಿಂದ ಶುರುಮಾಡಿದ್ದ. ತಾನಾಳ ಹೆಸರು ಮೂರು ಚೂರಾಗಿ, ಯಾವ ತಾಯಿಯೂ ಗುರುತು ಹಿಡಿಯದಂತೆ ನಿಂತಿತ್ತು. ಸುತ್ತ ನಿಂತವರ ಮುಖ ನೋಡಿದ, ಒಬ್ಬರಿಗೂ ಗೊತ್ತಾಗಿರಲಿಲ್ಲ.

ಬರೆದವನು ಹೆಸರನ್ನು ಮೂರು ಸಲ ಓದಿ ಹೇಳಬೇಕು. ಎಲ್ಲರೂ ಕಾದರು. ಯೂನಾನ ಕಣ್ಣು ಅತ್ತು ಕೆಂಪಾಗಿತ್ತು. ವೋಲ್ತಾ ಆ ಹೆಂಚುಗಳ ಮೇಲೆ ಬೆರಳಾಡಿಸುತ್ತ, ಅಲ್ಲಿಲ್ಲದ್ದನ್ನು ಮೂರು ಸಲ ಓದಿದ: ತಾನಾ, ವೋಲ್ತಾನ ಹೆಂಡತಿ, ಇಲ್ಲಿ ಮಲಗಿದ್ದಾಳೆ.

ಮರುದಿನ ತನಗೆಂದು ಮೂರು ಹೆಂಚು ತೆಗೆದುಕೊಂಡ. ಹೆಸರನ್ನು ರೋಮಿನ ಅಕ್ಷರದಲ್ಲಿ, ಎಡದಿಂದ ಬಲಕ್ಕೆ ಬರೆದ. ಯೂನಾ ಹಿಗ್ಗಿದ.

"ಅಂತೂ ಬುದ್ಧಿ ಬಂತಲ್ಲಪ್ಪಾ ನಿಂಗೆ."

ವೋಲ್ತಾ ತಲೆಯಾಡಿಸಿ ಕುಂಚವನ್ನು ಒಲೆಗೆ ಹಾಕಿದ. ತಾನಾಳಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ.